ನಗದೆ ನಿಲ್ಲುವ ಕೆಲಸ

ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ವಾರಾಂತ್ಯಕ್ಕೆ ಸೇರಿ ನಾಟಕ ಕಟ್ಟುವ ಹುಡುಗರು ನನ್ನ ಬೆನ್ನು ಬಿದ್ದಿದ್ದಾರೆ. ಜನರನ್ನು ನಗಿಸುವ ಕಸುಬಿನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಅಂಕಲ್, ನಾವು ಈಗಷ್ಟೇ ಶುರು ಮಾಡಿದ್ದೇವೆ, ಉಪಯೋಗಕ್ಕೆ ಬರುತ್ತದೆ ಎನ್ನುತ್ತಾರೆ. ಮಕ್ಕಳೇ, ನಾನು ವೇದಿಕೆಯ ಮೇಲೆ ಯಾರನ್ನೂ ನಗಿಸಿದವನಲ್ಲ. ನಗಿಸುತ್ತಿದ್ದವನು ಈರಣ್ಣ. ಅವನ ಪಕ್ಕದಲ್ಲಿ ಬಿಗಿಯಾದ ಕೋಟು ತೊಟ್ಟು, ಮುಖ ಗಂಟು ಹಾಕಿಕೊಂಡು, ಅವನು ಹೇಳಿದ ಯಾವುದೂ ತಲೆಗೆ ಹೋಗದವನ ಹಾಗೆ ಪ್ರಶ್ನೆ ಕೇಳುವುದು ನನ್ನ ಕೆಲಸವಾಗಿತ್ತು. ಜನ ಬಿದ್ದು ಬಿದ್ದು ನಗುವಾಗ ಒಬ್ಬನಾದರೂ ನಗದೆ ನಿಂತಿರಬೇಕು. ಹಾಗೆ ನಿಂತೇ ನನ್ನ ಕೂದಲು ಬೆಳ್ಳಗಾಯಿತು.

ಈರಣ್ಣ ದಕ್ಷಿಣ ಆಫ್ರಿಕಾದವನು. ಅವನ ತಂದೆ ಗದಗಿನಿಂದ ಡರ್ಬನ್ನಿಗೆ ಹೋಗಿ ಟೈಲರ್ ಅಂಗಡಿ ಇಟ್ಟವರು. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕ ನೀಲಮ್ಮ, ನಮ್ಮೆಲ್ಲರ ಬಾಯಲ್ಲಿ ನೀಲಕ್ಕ. ಮನೆಯಲ್ಲಿ ಗದಗಿನ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ಜುಲು. ಇಷ್ಟು ನಾಲಿಗೆ ಇಟ್ಟುಕೊಂಡು ಬೆಳೆದ ಹುಡುಗ ನಟನಾಗದೆ ಇನ್ನೇನಾದಾನು. ಒಂದು ತಂಡದ ಜೊತೆ ಅಮೆರಿಕಕ್ಕೆ ನಾಟಕವಾಡಲು ಬಂದವನು ಸ್ಯಾನ್ ಫ್ರಾನ್ಸಿಸ್ಕೋದ ಮಂಜಿಗೆ ಮನಸೋತು ಇಲ್ಲೇ ಉಳಿದ. ಪಾದ್ರಿ, ಪೊಲೀಸು, ಅಜ್ಜಿ, ಕುಡುಕ, ಜಡ್ಜು, ಮಕ್ಕಳ ಕಾರ್ಟೂನಿನಲ್ಲಿ ಕಪ್ಪೆ, ಎಲ್ಲವೂ ಆದ. ಅವನಿಗೆ ಬಂದ ಪ್ರಶಸ್ತಿಗಳ ವಿಷಯ ನಾನು ಬರೆಯುವುದಿಲ್ಲ. ಅವು ಗ್ಯಾರೇಜಿನಲ್ಲಿ ಡಬ್ಬಗಳೊಳಗಿವೆ, ಬೇಕಾದವರು ಹೋಗಿ ನೋಡಬಹುದು. ನನಗಿಂತ ಹಿರಿಯನಾದರೂ ಏಕವಚನದಲ್ಲೇ ಕರೆಯಬೇಕೆಂದು ಅವನೇ ಹಟ ಹಿಡಿದಿದ್ದ, ಬಹುವಚನದಲ್ಲಿ ಮಾತಾಡುವವರ ಜೊತೆ ಜೋಡಿ ಕುದುರುವುದಿಲ್ಲವಂತೆ.

ಅವನು ತೀರಿಹೋದ ಮೇಲೆ ನಾನೂ ನಿವೃತ್ತನಾದೆ. ನಗದೆ ಸುಮ್ಮನೆ ನಿಂತ ಮುದುಕನನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಯ ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಕುಳಿತು ಪೂರ್ವದ ಗುಡ್ಡಗಳು ಬಣ್ಣ ಬದಲಾಯಿಸುವುದನ್ನು ನೋಡುತ್ತಿದ್ದೆ. ಮಳೆಗೆ ಹಸಿರಾಗುತ್ತವೆ, ಬೇಸಿಗೆಗೆ ಗೋಧಿ ಬಣ್ಣಕ್ಕೆ ತಿರುಗುತ್ತವೆ. ನೋಡುತ್ತಾ ನೋಡುತ್ತಾ ಎಚ್ಚರ ಯಾವುದು ಜೊಂಪು ಯಾವುದು ಎಂಬುದು ಕಲೆಸಿಹೋಗುತ್ತಿತ್ತು. ಅಂಥ ಒಂದು ಬೆಳಗ್ಗೆ ಹತ್ತಿರದ ಫ್ರೀಮಾಂಟಿನಿಂದ ಸುಜಾತಾ ಫೋನು ಮಾಡಿದಳು. ಸುಜಾತಾ ನೀಲಕ್ಕನ ಮಗಳು, ಇಲ್ಲಿ ಇಂಜಿನಿಯರು. ತಂದೆಯ ಜೊತೆ ಡರ್ಬನ್ನಿನಿಂದ ಗದಗಿಗೆ ಮರಳಿದ್ದ ನೀಲಕ್ಕ ಮುಪ್ಪಿನಲ್ಲಿ ಆ ಊರು ಬಿಟ್ಟು ಅವಳ ಮನೆಗೆ ಬಂದು ಇದ್ದಾರೆ.

“ಮಾಮಾ, ಅವ್ವ ಊಟಾ ಬಿಟ್ಟಾಳ,” ಎಂದಳು. “ಈರಣ್ಣ ಮಾಮಾ ಫೋನ್ ಮಾಡೂತನಕಾ ಉಣ್ಣಂಗಿಲ್ಲ ಅಂತ ಕುಂತಾಳ.”

ವಿಷಯ ನನಗೆ ಗೊತ್ತಿದ್ದದ್ದೇ. ನೀಲಕ್ಕನಿಗೆ ಮರೆವು ಕವಿದು ಬಹಳ ಕಾಲವಾಗಿತ್ತು. ತಮ್ಮ ಹೋದ ಸುದ್ದಿಯನ್ನು ಹೇಳಿದಾಗಲೆಲ್ಲ ಅವರು ಮೊದಲ ಸಲ ಕೇಳಿದವರ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದರು, ಮರುದಿನ ಮತ್ತೆ ಅವನ ಫೋನು ಬಂತೇ ಎಂದು ಕೇಳುತ್ತಿದ್ದರು. ಕೊನೆಗೆ ಮನೆಯವರು ಹೇಳುವುದನ್ನೇ ಬಿಟ್ಟರು. ತಮ್ಮನಿಗೆ ಒಂದು ಮಾತು ಹೇಳುವುದಿದೆ, ಅದನ್ನು ಹೇಳದೆ ಅನ್ನ ಇಳಿಯುವುದಿಲ್ಲ ಎಂಬುದು ಅವರ ಹಟ. ಆ ಮಾತು ಯಾವುದೆಂದು ನಮಗೆಲ್ಲ ತಿಳಿದಿತ್ತು. ಗದಗಿನಲ್ಲಿ ತಂದೆ ತೀರಿಹೋದಾಗ ನೀಲಕ್ಕ ಈರಣ್ಣನಿಗೆ ತಿಳಿಸಿರಲಿಲ್ಲ, ಬೇಕೆಂದೇ ತಿಳಿಸಿರಲಿಲ್ಲ. ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟವರು, ಕೊನೆಯ ವರ್ಷಗಳಲ್ಲಿ ರೈಲಿನಲ್ಲಿ ಒಂದೆರಡು ನಿಲ್ದಾಣಗಳ ದೂರದಲ್ಲಿದ್ದೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನ ಮಣ್ಣಿಗೂ ನೀಲಕ್ಕ ಬರಲಿಲ್ಲ, ಆಗಲೇ ಅವರಿಗೆ ಮರೆವು.

ಸುಜಾತಾಳಿಗೆ ಬೇಕಾಗಿದ್ದು ನನ್ನ ಗಂಟಲು. ಈರಣ್ಣನ ದನಿಯನ್ನು ನನ್ನಷ್ಟು ಹತ್ತಿರದಿಂದ ಕೇಳಿದವರು ಬೇರೆ ಯಾರಿದ್ದಾರೆ? ಸತ್ತವನ ದನಿಯಲ್ಲಿ ಮಾತಾಡುವುದು ನನಗೆ ಇಷ್ಟವಿರಲಿಲ್ಲ. ನಟನಿಗೂ ಒಂದು ಮರ್ಯಾದೆ ಇದೆಯಲ್ಲ. ಆದರೆ ಮುದುಕಿ ಉಪವಾಸ ಕುಳಿತಿರುವಾಗ ನನ್ನ ಮರ್ಯಾದೆಯನ್ನು ಎಲ್ಲಿಡಲಿ? ಆಗಲಿ ಎಂದೆ. ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಈರಣ್ಣ ವೇದಿಕೆಗೆ ಬರುವಾಗ ನಿಲ್ಲುತ್ತಿದ್ದಂತೆ ಒಂದು ಕಾಲು ಮುಂದಿಟ್ಟು ನಿಂತು ಫೋನು ಹಚ್ಚಿದೆ. ದನಿ ಅಚ್ಚುಕಟ್ಟಾಗಿ ಬಂತು. ಅದೇ ಏರು, ಅದೇ ಎಳೆತ, ಕೊನೆಯಲ್ಲಿ ಅದೇ ಡರ್ಬನ್ನಿನ ತಿರುವು. ಅಕ್ಕಾ ಆರಾಮ ಇದ್ದೀಯೇನು, ಊಟಾತೇನು ಎಂದೆಲ್ಲ ಕೇಳಿದೆ.

“ಯಾಕೋ ಈರ್ಯಾ, ಮುಂದ ಮಂದಿ ಕುಂತಾರೇನು?” ಎಂದರು ನೀಲಕ್ಕ. “ಮಂದಿ ಹೋದಮ್ಯಾಲ ಮಾಡು.” ಫೋನು ಇಟ್ಟರು.

ಇದು ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಅಷ್ಟು ವರ್ಷ ಜೊತೆಗಿದ್ದು ನಾನು ಕಲಿತಿದ್ದು ಅವನ ವೇದಿಕೆಯ ದನಿಯನ್ನು, ಹಿಂದಿನ ಸಾಲಿನವರಿಗೂ ಮುಟ್ಟಬೇಕಾದ ದನಿಯನ್ನು. ಮನೆಯ ಪಡಸಾಲೆಯಲ್ಲಿ ಅಕ್ಕನ ಹತ್ತಿರ ಅವನು ಹೇಗೆ ಮಾತಾಡುತ್ತಿದ್ದ ಎಂಬುದು ನನಗೆ ಗೊತ್ತೇ ಇರಲಿಲ್ಲ. ಆದರೂ ತಮ್ಮನ ಫೋನು ಬಂತು ಎಂಬ ಸಮಾಧಾನಕ್ಕೆ ಅವರು ಆ ದಿನ ನಾಲ್ಕು ತುತ್ತು ಮೊಸರನ್ನ ತಿಂದರೆಂದು ಸುಜಾತಾ ಹೇಳಿದಳು. ನಾನು ಕಿಟಕಿಯ ಪಕ್ಕ ಕುಳಿತು ಆ ಮನೆಯ ದನಿಯನ್ನು ಹುಡುಕತೊಡಗಿದೆ. ನೀವು ಕೇಳಿದ ಅನುಭವದ ಮಾತುಗಳೆಲ್ಲ ಆ ಹುಡುಕಾಟದಲ್ಲೇ ಒಂದೊಂದಾಗಿ ಮೇಲೆ ಬಂದವು.

ಮೊದಲು ಬಂದದ್ದು ನಾವು ಸಿಕ್ಕ ಸಂಜೆ. ನಾನು ಮೈಸೂರಿನವನು, ಸ್ಯಾನ್ ಹೋಸೆಯ ಒಂದು ಸಮುದಾಯ ಭವನದಲ್ಲಿ ದೀಪ ನೋಡಿಕೊಳ್ಳುತ್ತಿದ್ದೆ. ಈರಣ್ಣನ ಅಂದಿನ ಜೊತೆಗಾರ ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬರಲಿಲ್ಲ. ಈರಣ್ಣ ನೇರ ನನ್ನ ಹತ್ತಿರ ಬಂದು, ನಿನ್ನ ಹೆಸರೇನಪ್ಪಾ ಎಂದು ಕನ್ನಡದಲ್ಲೇ ಕೇಳಿದ. ರಹಮತ್ ಎಂದೆ. ತಾನು ಏನು ಹೇಳಿದರೂ ನಾನು ಮತ್ತೆ ಪ್ರಶ್ನೆ ಕೇಳಬೇಕು, ಅಷ್ಟೇ ಎಂದು ಹೇಳಿ ದೀಪದ ಹಿಂದಿದ್ದವನನ್ನು ಎಳೆದು ದೀಪದ ಮುಂದೆ ನಿಲ್ಲಿಸಿದ. ಅವನ ಡರ್ಬನ್ ಇಂಗ್ಲಿಷು ನನಗೆ ಒಂದಕ್ಷರ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಾ ಹೋದೆ. ಭವನವೆಲ್ಲ ನಗೆಯಲ್ಲಿ ಉರುಳಿ ಬಿತ್ತು. ಮುಗಿದ ಮೇಲೆ ನನ್ನ ಗಲ್ಲ ಹಿಡಿದು, ಮುಖಾ ಛಲೋ ಐತಿ, ಕೆಡಸಕೋಬ್ಯಾಡ ಎಂದ. ಮೊದಲ ದಿನ ಬಂದಿದ್ದ ಆ ಮುಖವನ್ನು, ಅವನ ಮಾತು ಪೂರ್ತಿ ಅರ್ಥವಾಗತೊಡಗಿದ ಮೇಲೂ, ಕಾಪಾಡಿಕೊಂಡು ಬಂದದ್ದೇ ನನ್ನ ವಿದ್ಯೆ.

ಆಮೇಲೆ ನೆನಪಿಗೆ ಬಂದದ್ದು ಫ್ರೀಮಾಂಟಿನ ಒಂದು ಮದುವೆ ಆರತಕ್ಷತೆ. ಹೊಸ ಹುರುಪು ನನಗೆ. ಈರಣ್ಣ ಒಂದು ಮಾತು ಹೇಳಿ ಮುಗಿಸಿದ ಕೂಡಲೇ ನಾನು ಮುಂದಿನ ಪ್ರಶ್ನೆ ಹಾಕಿಬಿಟ್ಟೆ. ಹುಟ್ಟಬೇಕಾಗಿದ್ದ ನಗು ಜನರ ಗಂಟಲಲ್ಲೇ ಸತ್ತಿತು. ಮುಂದಿನ ಮಾತಿಗೂ ಹಾಗೇ ಮಾಡಿದೆ. ಕಾರಿನಲ್ಲಿ ಮರಳುವಾಗ ಅವನು ಬೈಯಲಿಲ್ಲ. ಶೇಂಗಾ ಸುಲಿಯುತ್ತಾ, ಮಂದಿ ನಗೂಕಿಂತ ಮೊದಲ ಉಸಿರು ಒಳಗ ತಗೋತಾರ, ಅದನ್ನ ಕೇಳಾಕ ಕಲಿ ಎಂದ. ಮಕ್ಕಳೇ, ನಿಮಗೆ ನಾನು ಕಲಿಸಬಹುದಾದದ್ದು ಇದೊಂದೇ. ನೀವು ಮಾತನ್ನು ಬಾಯಿಪಾಠ ಮಾಡುತ್ತೀರಿ, ಸಂತೋಷ. ನಡುವಿನ ಸುಮ್ಮನಿರುವಿಕೆಯನ್ನೂ ಕಲಿಯಬೇಕು. ಎದುರಿಗಿನವರು ಉಸಿರು ತುಂಬಿಕೊಂಡು, ಅದು ಹೊರಗೆ ಬಂದು, ಪೂರ್ತಿ ಖಾಲಿಯಾಗುವವರೆಗೆ ಪಕ್ಕದವನು ಬಾಯಿ ತೆರೆಯಬಾರದು.

ಡರ್ಬನ್ನಿನ ಕಥೆಗಳನ್ನು ಅವನು ಹೇಳುತ್ತಿದ್ದುದೂ ಕಾರಿನಲ್ಲೇ. ಅವನ ಕಾಲಕ್ಕೆ ಅಲ್ಲಿ ಒಂದೇ ಭವನದಲ್ಲಿ ಬಣ್ಣ ನೋಡಿ ಬೇರೆ ಬೇರೆ ಕೂರಿಸುತ್ತಿದ್ದರಂತೆ, ನಡುವೆ ಒಂದು ಹಗ್ಗ. ಒಂದು ಕಡೆಯವರು ನಕ್ಕರೆ ಇನ್ನೊಂದು ಕಡೆಯವರು ಸುಮ್ಮನಾಗುತ್ತಿದ್ದರು. ಹಗ್ಗದ ಎರಡೂ ಕಡೆ ಒಟ್ಟಿಗೆ ನಗುವಂಥದ್ದು ಏನಿದೆ ಎಂದು ಹುಡುಕಿ ಹುಡುಕಿ, ಕೊನೆಗೆ ಬಿಗಿಯಾದ ಬೂಟು ಹಾಕಿಕೊಂಡು ನಿಂತ ಪೊಲೀಸಿನವನ ಪಾತ್ರ ಮಾಡಿದನಂತೆ. ಕಾಲು ನೋವು ಎಲ್ಲರಿಗೂ ಗೊತ್ತಲ್ಲ. ಬಾಗಿಲಲ್ಲಿ ನಿಜವಾದ ಪೊಲೀಸಿನವನೂ ನಿಂತಿದ್ದ, ಅವನೂ ತನ್ನ ಬೂಟು ನೋಡಿಕೊಂಡು ನಕ್ಕನಂತೆ. ಇದೆಲ್ಲ ಹೀಗೇ ನಡೆಯಿತೋ, ಈರಣ್ಣ ಬಣ್ಣ ಕಟ್ಟಿದನೋ ನಾನು ಕೇಳಲಿಲ್ಲ. ಬಲಗಡೆ ಉಪ್ಪಿನ ಗದ್ದೆಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಆಚೆ ಕೊಲ್ಲಿಯ ನೀರಿನ ಮೇಲೆ ಮಂಜು ಕೂತಿರುತ್ತಿತ್ತು. ಅವನ ಮಾತಿನಲ್ಲಿ ಡರ್ಬನ್ನಿನ ಸಮುದ್ರವೂ ಈ ಕೊಲ್ಲಿಯೂ ಒಂದೇ ನೀರಿನಂತೆ ಕಾಣುತ್ತಿದ್ದವು.

ನಮ್ಮನ್ನು ಆಡಿಸುವ ಮೇಲಿನವರ ಜೊತೆ ಹೇಗೆ ಏಗುವುದು ಎಂದೂ ಕೇಳಿದ್ದೀರಿ. ಒಬ್ಬ ನಿರ್ದೇಶಕನ ಬಗ್ಗೆ ಹೇಳುತ್ತೇನೆ, ಹೆಸರು ಬೇಡ. ಟೀವಿಗಾಗಿ ಈರಣ್ಣ ಕಿರಾಣಿ ಅಂಗಡಿಯವನ ಪಾತ್ರ ಮಾಡಬೇಕಿತ್ತು. ಇಂಡಿಯಾದವನ ಹಾಗೆ ಇನ್ನೂ ಸ್ವಲ್ಪ ಮಾತಾಡು ಎಂದು ಆತ ಹೇಳುತ್ತಲೇ ಇದ್ದ. ಈರಣ್ಣ ಇಂಡಿಯಾದಲ್ಲಿ ಒಂದು ದಿನವೂ ಬಾಳಿದವನಲ್ಲ. ಅವನು ಸ್ವಲ್ಪ ಹೊತ್ತು ಯೋಚಿಸಿ, ಆ ನಿರ್ದೇಶಕನ ನಡಿಗೆ, ಕೈ ಆಡಿಸುವ ರೀತಿ, ಮೂಗಿನ ದನಿ ಎಲ್ಲವನ್ನೂ ಹಾಗೇ ಎತ್ತಿ ಅಂಗಡಿಯವನಿಗೆ ತೊಡಿಸಿದ. ಆತನಿಗೆ ಬಹಳ ಹಿಡಿಸಿತು, ಈಗ ನಿಜವಾದ ಇಂಡಿಯನ್ ಬಂದ ಎಂದು ಬೆನ್ನು ತಟ್ಟಿದ. ಸೆಟ್ಟಿನಲ್ಲಿದ್ದವರೆಲ್ಲ ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಮಾತ್ರ ನಗಲಿಲ್ಲ. ರೂಢಿ ನೋಡಿ.

ಕಾಲ ಬದಲಾಯಿತು. ಮೊದಮೊದಲು ಒಂದು ಶಾಲು ಸಾಕಿತ್ತು. ಬಲ ಹೆಗಲಿಗೆ ಬಂದರೆ ಅಜ್ಜಿ, ಕೊರಳಿಗೆ ಸುತ್ತಿದರೆ ವಕೀಲ. ಆಮೇಲೆ ಕಿವಿಗೆ ಅಂಟಿಸುವ ಮೈಕು ಬಂತು, ಪಿಸುಗುಟ್ಟಿದರೂ ಹಿಂದಿನವರಿಗೆ ಕೇಳಿಸಿತು, ಎದೆಯಿಂದ ದನಿ ತೆಗೆಯುವುದು ಬೇಡವಾಯಿತು. ಆಮೇಲೆ ಸಾಂಕ್ರಾಮಿಕ ಬಂದು ಭವನಗಳೇ ಮುಚ್ಚಿದವು. ಕಂಪ್ಯೂಟರ್ ಮುಂದೆ ಕುಳಿತು ಶೋ ಮಾಡಿದೆವು. ಚೌಕ ಚೌಕದೊಳಗೆ ಜನ ಬಾಯಿ ತೆರೆದು ನಗುತ್ತಿದ್ದರು, ಎಲ್ಲರೂ ಮ್ಯೂಟು. ಉಸಿರು ಕೇಳಿಸದೆ ನಾನು ಯಾವಾಗ ಪ್ರಶ್ನೆ ಕೇಳಲಿ? ಬಾವಿಯೊಳಗ ಮುಖಾ ಹಾಕಿ ಮಾತಾಡಿದಂಗ ಆಗತೈತಿ ಎಂದು ಈರಣ್ಣ ಬೇಸರಪಟ್ಟ. ಆ ಹೊತ್ತಿಗೆ ಅವನ ಎದೆಯ ಬೇನೆ ಶುರುವಾಗಿತ್ತು. ಈಗ ನೀವು ಫೋನಿನಲ್ಲಿ ವಿಡಿಯೊ ಹಿಡಿದು, ಕತ್ತರಿಸಿ, ಜೋಡಿಸಿ ಹಾಕುತ್ತೀರಿ. ಹಾಕಿ, ಬೇಡ ಎನ್ನಲು ನಾನ್ಯಾರು. ನಡುವಿನ ಉಸಿರನ್ನು ಮಾತ್ರ ಕತ್ತರಿಸಬೇಡಿ.

ಇಷ್ಟೆಲ್ಲ ನೆನಪಾದರೂ ನನಗೆ ಬೇಕಾದ ದನಿ ಸಿಗಲಿಲ್ಲ. ಕಾರಿನ ಕಥೆಗಳಲ್ಲೂ ಈರಣ್ಣ ನನ್ನನ್ನು ಒಬ್ಬನೇ ಪ್ರೇಕ್ಷಕನನ್ನಾಗಿ ಮಾಡಿಕೊಂಡು ಆಡುತ್ತಿದ್ದ. ಈ ನಡುವೆ ಎರಡು ಸಲ ಫೋನು ಮಾಡಿದೆ, ಎರಡು ಸಲವೂ ನೀಲಕ್ಕ, ಮಂದಿ ಇನ್ನೂ ಹೋಗಿಲ್ಲೇನು ಎಂದು ಕೇಳಿ ಇಟ್ಟರು. ಸುಜಾತಾ ದಿನವೂ ಸಂದೇಶ ಕಳಿಸುತ್ತಿದ್ದಳು. ಇಂದು ಹಾಲು ಮಾತ್ರ, ಇಂದು ಅದೂ ಇಲ್ಲ. ಅವಳ ಮಗ ಅಜ್ಜಿಗೆ ಚಮಚದಲ್ಲಿ ಉಣಿಸಲು ಹೋದರೆ ಅವರು ತಟ್ಟೆಯನ್ನು ಅವನ ಕಡೆಗೇ ಸರಿಸುತ್ತಿದ್ದರಂತೆ. ನನಗೆ ದಿಗಿಲಾಯಿತು. ನಗದೆ ನಿಲ್ಲುವ ಮನುಷ್ಯನಿಗೆ ಅಳು ಬಂದರೆ ಎಲ್ಲಿಡಬೇಕೆಂದು ಯಾರೂ ಕಲಿಸಿರಲಿಲ್ಲ.

ಒಂದು ಮಧ್ಯಾಹ್ನ ಮಂಪರಿನಲ್ಲಿ ಗ್ರೀನ್ ರೂಮು ಕಂಡಿತು. ಯಾವ ಊರಿನದೋ, ಯಾವ ಭವನದ್ದೋ. ಕನ್ನಡಿಯ ಸುತ್ತ ಬಲ್ಬುಗಳು. ಈರಣ್ಣ ಮುಂಡಾಸಿನ ಅಂಚು ಹೊಲಿಯುತ್ತಾ ಕುಳಿತಿದ್ದಾನೆ. ಟೈಲರನ ಮಗ ತಾನೇ, ವೇಷದ ಬಟ್ಟೆ ಬೇರೆಯವರ ಕೈಗೆ ಕೊಟ್ಟವನಲ್ಲ. ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಬಾಯಿ ತೆರೆಯದೆಯೇ, ಬಿಸಲಾಗ ಕುಂದ್ರಬ್ಯಾಡ, ಇತ್ತಾಗ ಬಾ ಎನ್ನುತ್ತಿದ್ದಾನೆ. ಕೆಳದನಿ, ಸಣ್ಣ ದನಿ, ತುಟಿ ಅಲುಗದ ದನಿ. ಆಡುವುದಕ್ಕೆ ಅಲ್ಲಿ ಜಾಗವೇ ಇಲ್ಲ. ನಾನು ಎಚ್ಚರಗೊಂಡು ಕುಳಿತೆ. ಅಷ್ಟು ವರ್ಷ ಅದೇ ಕೋಣೆಯಲ್ಲಿ ಕುಳಿತು ಆ ದನಿಯನ್ನು ಕೇಳಿದ್ದೆ, ಅದೂ ಒಂದು ದನಿ ಎಂದು ನನಗೆ ಅನ್ನಿಸಿರಲಿಲ್ಲ.

ಇದರ ಹಿಂದಿನ ಕಥೆಯನ್ನು ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ಈರಣ್ಣ ಮೊಟ್ಟಮೊದಲು ಜನರನ್ನು ನಗಿಸಿದ್ದು ಡರ್ಬನ್ನಿನ ಸಣ್ಣ ಭವನದಲ್ಲಿ, ತನ್ನ ತಂದೆಯನ್ನೇ ಅಣಕಿಸಿ. ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಸೂಜಿ, ಗಿರಾಕಿಯೊಂದಿಗೆ ಬಾಯಿ ಬಿಡದೆ ಚೌಕಾಸಿ. ಭವನದ ತುಂಬ ಅವರ ಅಂಗಡಿಯ ಗಿರಾಕಿಗಳೇ. ತಂದೆಯೂ ಬಂದಿದ್ದರು, ಅವರು ಎದ್ದು ಹೊರಟುಹೋದರು. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಮರುದಿನದಿಂದ ಅವರು ಗಿರಾಕಿಗಳ ಮುಂದೆ ಸೂಜಿಯನ್ನು ತುಟಿಗೆ ಇಡುವುದನ್ನು ಬಿಟ್ಟರು, ಅಷ್ಟೇ. ಪ್ರತಿ ಸೂಜಿಗೂ ಬಗ್ಗಿ ಡಬ್ಬಿಗೆ ಕೈ ಹಾಕುತ್ತಿದ್ದರಂತೆ. ಈರಣ್ಣ ತಂಡ ಸೇರಿ ಊರು ಬಿಟ್ಟ ಮೇಲೆ ಅಂಗಡಿ ಮಾರಿ ಮಗಳ ಜೊತೆ ಗದಗಿಗೆ ಮರಳಿದರು. ಅಪ್ಪ ಹೀಗೆ ಬಗ್ಗಿ ಬಗ್ಗಿ ಎದ್ದುದನ್ನು ನೋಡಿದ ನೀಲಕ್ಕನಿಗೆ ತಮ್ಮನ ಮೇಲಿನ ಸಿಟ್ಟು ಇಳಿಯಲೇ ಇಲ್ಲ. ಅಪ್ಪ ಹೋದ ದಿನ ಆ ಸಿಟ್ಟಿನಲ್ಲೇ ಸುದ್ದಿ ಮುಚ್ಚಿಟ್ಟರು. ಈರಣ್ಣನಿಗೆ ತಿಳಿದದ್ದು ಬಹಳ ತಡವಾಗಿ, ಊರಿನ ಯಾರೋ ಮಾತಿನ ನಡುವೆ ಆಡಿದ ಮಾತಿನಿಂದ. ಆಮೇಲೆ ಅವನು ಎಷ್ಟೋ ಜನರನ್ನು ವೇದಿಕೆಗೆ ತಂದ, ಅಪ್ಪನನ್ನು ಮಾತ್ರ ಒಮ್ಮೆಯೂ ತರಲಿಲ್ಲ. ಕನ್ನಡಿಯ ಮುಂದೆ ಸೂಜಿ ಕಚ್ಚಿ ಕುಳಿತಾಗ ತಾನು ಆಗುತ್ತಿದ್ದುದು ಅಪ್ಪನೇ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನರಿಯೆ.

ಮರುದಿನ ಬೆಳಗ್ಗೆ ನಾನು ನಿಂತುಕೊಳ್ಳಲಿಲ್ಲ. ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕುಳಿತೆ. ತುಟಿಗಳನ್ನು ಮುಚ್ಚಿ, ನಡುವೆ ಸೂಜಿಗಳಿವೆ ಎಂದುಕೊಂಡು, ತೊಡೆಯ ಮೇಲೆ ಒಂದು ಬಟ್ಟೆ ಹರಡಿಕೊಂಡೆ. ಅಕ್ಕಾ, ನಾನು ಎಂದೆ. ಹೆಸರು ಹೇಳುವುದಕ್ಕೂ ಹೋಗಲಿಲ್ಲ.

“ಈಗ ಬಂದಿ ನೋಡು,” ಎಂದರು ನೀಲಕ್ಕ.

ಅಂದಿನಿಂದ ದಿನಾ ಬೆಳಗ್ಗೆ ಆ ಫೋನು ನನ್ನ ಕೆಲಸವಾಯಿತು. ಒಬ್ಬರೇ ಪ್ರೇಕ್ಷಕರು, ನಗಿಸಬೇಕಾದ್ದಿಲ್ಲ. ರೊಟ್ಟಿ ಮೆತ್ತಗಾಗಿತ್ತೋ, ಕೆಮ್ಮು ಕಡಿಮೆಯಾಯಿತೋ, ಅಂಗಳದಲ್ಲಿ ಬಟ್ಟೆ ಒಣಗಿತೋ, ಇಂಥವೇ ಮಾತು. ಒಮ್ಮೆ ಅವರು ಡರ್ಬನ್ನಿನ ಮನೆಯಲ್ಲಿರುತ್ತಿದ್ದರು, ಒಮ್ಮೆ ಗದಗಿನಲ್ಲಿ. ಫ್ರೀಮಾಂಟಿನಲ್ಲಿ ಇರುತ್ತಿದ್ದುದು ಕಡಿಮೆ. ಅವರು ಎಲ್ಲಿಗೆ ಕರೆದರೆ ಅಲ್ಲಿಗೆ ನಾನೂ ಹೋಗುತ್ತಿದ್ದೆ. ಸಮುದ್ರದ ಗಾಳಿಗೆ ಹಾರಿಹೋದ ಸೀರೆಯ ಹಿಂದೆ ಓಡಿದ್ದೇನೆ, ನಾನು ಎಂದೂ ಕಾಣದ ಗದಗಿನ ಓಣಿಯಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೇನೆ. ಫೋನು ಇಟ್ಟ ಮೇಲೆ ಮೈಸೂರಿನ ನನ್ನ ಸ್ವಂತ ನೆನಪುಗಳು ಪಕ್ಕಕ್ಕೆ ಸರಿದು, ಅವರ ನೆನಪುಗಳಿಗೆ ಜಾಗ ಬಿಟ್ಟುಕೊಡುತ್ತಿದ್ದವು. ನೀಲಕ್ಕ ಸ್ವಲ್ಪ ಸ್ವಲ್ಪ ಉಣ್ಣುತ್ತಿದ್ದರು. ಆದರೆ ಅರ್ಧಕ್ಕೇ ತಟ್ಟೆ ಸರಿಸಿ, ಹೇಳುವುದು ಇನ್ನೂ ಹೇಳಿಲ್ಲ ಎನ್ನುತ್ತಿದ್ದರಂತೆ. ಡಾಕ್ಟರು ಇಷ್ಟು ಊಟ ಸಾಲದೆಂದು ಸುಜಾತಾಳಿಗೆ ಸ್ಪಷ್ಟವಾಗಿ ಹೇಳಿದ್ದರು. ಆ ಮಾತು ಬಂದರೆ ಏನು ಉತ್ತರ ಕೊಡುವುದೆಂದು ನಾನು ದಿನವೂ ಹೆದರುತ್ತಿದ್ದೆ.

ಅದು ಬಂತು. ಸುಜಾತಾ ಅಂದು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದಳು, ಅಮ್ಮನ ಪಕ್ಕದಲ್ಲೇ ಕುಳಿತಿದ್ದಳು. ನೀಲಕ್ಕನ ದನಿ ಅಂದು ತಿಳಿಯಾಗಿತ್ತು.

“ತಮ್ಮಾ, ಅಪ್ಪ ಹೋದಾಗ ನಿನಗ ತಿಳಿಸಲಿಲ್ಲ ನಾ. ಬೇಕಂತನ ತಿಳಿಸಲಿಲ್ಲ,” ಎಂದರು. “ತಪ್ಪಾತು. ನೀ ಏನರ ಅನ್ನು.”

ಆತು ಬಿಡಕ್ಕಾ ಎಂದರೆ ಮುಗಿದುಹೋಗುತ್ತಿತ್ತು. ಸುಜಾತಾಳೂ ಅದನ್ನೇ ಬಯಸಿ ಉಸಿರು ಹಿಡಿದಿದ್ದಳೆಂದು ಆಮೇಲೆ ಹೇಳಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನಾನು ಆಡಲಾರದೆ ಕುಳಿತೆ. ಅದು ಈರಣ್ಣನ ಮಾತಲ್ಲ. ಬದುಕಿದ್ದಾಗ ಅವನು ಕ್ಷಮಿಸಿರಲಿಲ್ಲ, ಮತ್ತು ಯಾಕೆ ಕ್ಷಮಿಸಲಿಲ್ಲ ಎಂಬುದನ್ನು ನನಗೊಬ್ಬನಿಗೇ ಹೇಳಿದ್ದ. ಕೊಲ್ಲಿಯ ಸೇತುವೆ ದಾಟುವಾಗ, ಅಕ್ಕನನ್ನು ಒಮ್ಮೆ ನೋಡಿ ಬರೋಣ ಎಂದು ನಾನು ಒತ್ತಾಯಿಸಿದ್ದೆ. ಅವನು ನೀರಿನ ಕಡೆ ಮುಖ ಮಾಡಿ, “ಅಪ್ಪನ್ನ ಹ್ಯಾಂಗ ಕುಂದ್ರಿಸಿದ್ರು, ಯಾರು ಹೊತ್ತ್ರು, ಒಂದೂ ನಾ ಕಂಡಿಲ್ಲ ರಹಮತ್ತಾ,” ಎಂದಿದ್ದ. “ನನ್ನ ಪಾಲಿಗೆ ಅಪ್ಪ ಇನ್ನೂ ಸತ್ತಿಲ್ಲ. ಸಾಯದವರ ಸಲುವಾಗಿ ಏನಂತ ಕ್ಷಮಾ ಮಾಡ್ಲಿ?” ಅವನ ಹೆಸರಿನಲ್ಲಿ ಕ್ಷಮೆಯನ್ನು ದಾನ ಮಾಡುವ ಹಕ್ಕು ನನಗೆ ಯಾರು ಕೊಟ್ಟರು?

ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು, ನನ್ನ ಮಾತಿಗಾಗಿ ಕಾಯುತ್ತಿತ್ತು. ನನಗೆ ಗೊತ್ತಿದ್ದ ಕೆಲಸ ಒಂದೇ, ನಾನು ಅದನ್ನೇ ಮಾಡಿದೆ.

“ಅಕ್ಕಾ, ಅವತ್ತು ಏನೇನಾತು?” ಎಂದು ಕೇಳಿದೆ. “ಎಲ್ಲಾ ಹೇಳು.”

ಬೆಳಗ್ಗೆ ತಾವೇನು ತಿಂದೆವೆಂಬುದೂ ನೆನಪಿಲ್ಲದ ನೀಲಕ್ಕ ಆ ಇಡೀ ದಿನವನ್ನು ಹೇಳಿದರು. ಚಳಿಗಾಲದ ಎಳೆಬಿಸಿಲು. ಅಪ್ಪ ಹಾಸಿಗೆಯ ಮೇಲೆ ಎಡಮಗ್ಗುಲಾಗಿ ಮಲಗಿದ್ದರು, ಕರೆದರೆ ಓಗೊಡಲಿಲ್ಲ. ಪಕ್ಕದ ಮನೆಯವರು ಬಂದರು, ಭಜನೆಯವರು ಬಂದರು. ಅಪ್ಪ ತಮಗಾಗಿ ತಾವೇ ಹೊಲಿದುಕೊಂಡಿದ್ದ ಬಿಳಿ ಅಂಗಿ ತೊಡಿಸಿದರು, ಕಾಲರಿನ ಗುಂಡಿ ಇನ್ನೂ ಹಚ್ಚಿರಲಿಲ್ಲ, ನೀಲಕ್ಕನೇ ಕುಳಿತು ಹಚ್ಚಿದರು. ಹಣೆಗೆ ವಿಭೂತಿ ಹಚ್ಚಿ ಹೆಗಲ ಮೇಲೆ ಹೊರುವ ವಿಮಾನದಲ್ಲಿ ಕೂರಿಸಿದರು, ತಲೆ ಒಂದು ಕಡೆಗೆ ವಾಲುತ್ತಿತ್ತು, ಶಾಲು ಮಡಚಿ ಆಸರೆ ಕೊಟ್ಟರು. ಹೊತ್ತವರ ಹೆಸರುಗಳನ್ನು ಹೇಳಿದರು. ಬೀದಿಯಲ್ಲಿ ತರಕಾರಿ ಮಾರುವವಳು ಬುಟ್ಟಿ ಇಳಿಸಿ ಕೈ ಮುಗಿದಳು. ನಾನು ನಡುನಡುವೆ ಕೇಳುತ್ತಿದ್ದೆ. ಹಿಂದೆ ಯಾರು ನಡೆದರು, ಹೂವು ಯಾವುದು, ನೀನು ಎಲ್ಲಿ ನಿಂತಿದ್ದೆ. ಕೇಳಿ, ಅವರ ಉಸಿರು ಪೂರ್ತಿ ಖಾಲಿಯಾಗುವವರೆಗೆ ಸುಮ್ಮನಿದ್ದೆ. ನಾನು ಈರಣ್ಣನಾಗಿ ಕೇಳಿದೆನೋ, ಅವನು ಎಲ್ಲೋ ಕುಳಿತು ನನ್ನ ಬಾಯಿಂದ ಕೇಳಿದನೋ ಹೇಳಲಾರೆ. ಕಿಟಕಿಯ ಆಚೆ ಗುಡ್ಡದ ಮೇಲೆ ಬಿಸಿಲು ನಡೆಯುತ್ತಿತ್ತು, ಅದರ ಜೊತೆ ಜನ ನಡೆಯುತ್ತಿದ್ದಂತೆ ಕಂಡಿತು.

ಸಮಾಧಿಯ ಕುಣಿಯ ಹತ್ತಿರ ಬಂದೆವು. ಒಳಗೆ ಕೂರಿಸಿ ಪತ್ರಿ ಹಾಕಿದರಂತೆ. ಬಂದವರೆಲ್ಲ ಒಬ್ಬೊಬ್ಬರಾಗಿ ಮಣ್ಣು ಹಾಕಿದರಂತೆ. ಅಲ್ಲಿಗೆ ನೀಲಕ್ಕ ನಿಂತರು.

“ನಿಂದೊಂದು ಉಳೀತು,” ಎಂದರು. “ಈಗ ಹಾಕು.”

ನಾನು ಕುರ್ಚಿಯಿಂದ ಇಳಿದು ಬಗ್ಗಿದೆ. ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಮಣ್ಣು ಎಲ್ಲಿಂದ ಬರಬೇಕು. ಆದರೂ ಮುಷ್ಟಿ ತುಂಬಿಕೊಂಡೆ. ನಮ್ಮವರಲ್ಲೂ ಹೋದವರಿಗೆ ಕೊಡುವುದು ಇದೇ ಹಿಡಿ ಮಣ್ಣು, ಕೈಗೆ ಅದರ ತೂಕ ಗೊತ್ತು. ನಿಧಾನವಾಗಿ ಬೆರಳು ಬಿಡಿಸಿದೆ. ಕಣ್ಣಿನಲ್ಲಿ ನೀರು ಇಳಿಯಿತು, ಅದನ್ನು ತಡೆಯಬೇಕೆಂದು ಅನ್ನಿಸಲಿಲ್ಲ.

“ಹಾಕಿದ್ಯಾ?”

“ಹಾಕಿದೆ ಅಕ್ಕಾ.”

ಆ ಕಡೆ ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು.

“ಕೈಕಾಲು ತೊಳಕೊಂಡು ಬಾ ತಮ್ಮಾ,” ಎಂದರು ನೀಲಕ್ಕ. “ಊಟಕ್ಕ ಕುಂದ್ರೂಣು.”